ಬಾಯಿ ಮುಚ್ಚಿಕೊಂಡಿರುವ ಕೆಲಸ

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಆ ಹೆಸರಿಗೆ ಕೆಲಸವೇ ಬೀಳಲಿಲ್ಲ. ಮದುವೆಯಾಗಿ ಬಂದ ವಾರದಲ್ಲೇ ಮಾವ ಅವಳನ್ನು ಹರಟೆಮಲ್ಲಿ ಎಂದು ಕರೆದರು. ಬರಬರುತ್ತಾ ಹೆಸರಿನಿಂದ ಹರಟೆ ಉದುರಿಹೋಗಿ ಮಲ್ಲಿ ಉಳಿಯಿತು. ಬಾಯಿಂದ ಮಾತ್ರ ಉದುರಲಿಲ್ಲ, ಅದೇ ಎಲ್ಲ ತಾಪತ್ರಯಕ್ಕೂ ಮೂಲ.

ಮಾತೆಂದರೆ ಎಂಥ ಮಾತು ಅಂತೀರಿ! ಯಾರೋ ತಪ್ಪು ನಂಬರಿಗೆ ಫೋನು ಮಾಡಿದರೆ ಇಡುವ ಹೊತ್ತಿಗೆ ಅವರ ಮಗಳ ಹೆರಿಗೆ ಯಾವ ತಿಂಗಳು, ಅಳಿಯನ ಸ್ವಭಾವ ಎಂಥದು ಎಲ್ಲ ಇವಳಿಗೆ ಗೊತ್ತಾಗಿರುತ್ತಿತ್ತು. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಅಳತೆ ತೆಗೆಯುವುದು ಮಲ್ಲಿಯ ಪಾಲಿನ ಕೆಲಸ. ಪ್ಯಾಂಟು ಗಿಡ್ಡ ಮಾಡಿಸಲು ಬಂದವರು ಬೀದಿಯ ಅಷ್ಟೂ ಮನೆಗಳ ಸುದ್ದಿ ಹೊತ್ತುಕೊಂಡು, ಪ್ಯಾಂಟನ್ನು ಕೊಡುವುದೇ ಮರೆತು ವಾಪಸು ಹೋಗುತ್ತಿದ್ದರು. ಗಂಡ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಸ್ವಲ್ಪ ಬಾಯಿಗೆ ಬಿಡುವು ಕೊಡೇ," ಅನ್ನುತ್ತಿದ್ದ. ಅದನ್ನೇ ಅತ್ತೆ ಹಿತ್ತಲಿಗೆ ಕೇಳುವ ಹಾಗೆ ಅನ್ನುತ್ತಿದ್ದರು. ಮಲ್ಲಿ ಇಬ್ಬರಿಗೂ, "ಬಾಯಿದ್ದವನು ಬರಗಾಲದಲ್ಲೂ ಬದುಕಿದ," ಅಂತ ಹೇಳಿ ಮುಂದಿನ ಸುದ್ದಿಗೆ ಹೋಗುತ್ತಿದ್ದಳು.

ಅಂಥವಳಿಗೆ ಮಾತಿನಿಂದಲೇ ಒಂದು ಕೆಲಸ ಸಿಕ್ಕಿತು. ಕೋಟಿನ ತೋಳು ಸರಿಮಾಡಿಸಲು ಒಬ್ಬ ಮೇಡಂ ಬಂದಿದ್ದರು. ಗಂಭೀರ ಮುಖ, ಅಳೆದು ತೂಗಿ ಆಡುವ ಮಾತು. ಅಂಥವರಿಂದಲೂ ಮಲ್ಲಿ ಟೇಪು ಸುತ್ತುವಷ್ಟರಲ್ಲಿ ಕಷ್ಟ ಸುಖ ಎಲ್ಲ ಹೊರಡಿಸಿಬಿಟ್ಟಳು. ಮೇಡಂ ನಡೆಸುತ್ತಿದ್ದದ್ದು ಆನ್‌ಲೈನ್ ತರಗತಿ. ಹಾಸಿಗೆ ಹಿಡಿದವರನ್ನು, ವಯಸ್ಸಾದವರನ್ನು ಮನೆಯಲ್ಲಿ ನೋಡಿಕೊಳ್ಳುವ ಕೆಲಸಕ್ಕೆ ಬೇಕಾದ ತರಬೇತಿ ಅದು. ಬೇರೆ ಬೇರೆ ಕಸುಬಿನವರು ಸಂಜೆ ಕೆಲಸ ಮುಗಿಸಿ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಸೇರುತ್ತಿದ್ದರು. ಪಾಠ ಆದಮೇಲೆ ಅವರನ್ನು ಸಣ್ಣ ಸಣ್ಣ ಗುಂಪು ಮಾಡಿ, ಪರದೆಯ ಮೇಲೇ ಒಂದೊಂದು ಬೇರೆ ಕೋಣೆಗೆ ಕಳಿಸಿ, ಒಂದು ಪ್ರಶ್ನೆ ಕೊಡುವುದು. ಅವರೇ ಚರ್ಚೆ ಮಾಡಿ ಒಂದು ತೀರ್ಮಾನಕ್ಕೆ ಬರಬೇಕು. ಸಂಕಟ ಏನಪ್ಪಾ ಅಂದರೆ, ಕೋಣೆಗೆ ಹೋದ ತಕ್ಷಣ ಎಲ್ಲರೂ ತುಟಿಪಿಟಕ್ ಅನ್ನದೆ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುತ್ತಿದ್ದರು.

"ನಿಮ್ಮ ಎದುರಿಗೆ ಕಲ್ಲೂ ಮಾತಾಡುತ್ತೆ. ಒಂದು ಗುಂಪಿಗೆ ಸಹಾಯಕಿಯಾಗಿ ಬರ್ತೀರಾ?" ಅಂದರು ಮೇಡಂ. ಮಲ್ಲಿಗೆ ಹಿಡಿಸಲಾರದಷ್ಟು ಹಿಗ್ಗು.

ಸೇರಿದ ಮೇಲೆ ಗೊತ್ತಾಯಿತು, ಆ ಕೆಲಸದ ಮೊದಲ ನಿಯಮವೇ ಬಾಯಿ ಮುಚ್ಚಿಕೊಂಡಿರುವುದು! ಸಹಾಯಕಿ ಉತ್ತರ ಹೇಳಬಾರದು. ಕಥೆ ಹೇಳಬಾರದು. ಸುಮ್ಮನಿರುವವರನ್ನು ಮೆಲ್ಲಗೆ ಒಂದು ಮಾತು ಕೇಳಬೇಕು, ಜಗಳ ಬಂದರೆ ದಾರಿಗೆ ತರಬೇಕು, ಮಿಕ್ಕಂತೆ ಕಣ್ಣು ಕಿವಿ ತೆರೆದುಕೊಂಡು ಕೂರಬೇಕು. "ಊರುಗೋಲು ಕೊಡಿ ಅಂದ್ರೆ ನೀವು ಅವ್ರನ್ನ ಹೆಗಲ ಮೇಲೆ ಹೊತ್ಕೊಂಡು ಓಡ್ತಿದ್ದೀರಿ," ಅಂತ ಮೇಡಂ ಮೊದಲ ವಾರವೇ ಎಚ್ಚರಿಸಿದರು. ಎಚ್ಚರಿಸಲು ಅವರ ಹತ್ತಿರ ಸಾಕ್ಷಿಯೂ ಇತ್ತು. ಚರ್ಚೆ ಮುಗಿದ ಕೂಡಲೇ ಪರದೆಯ ಮೇಲೆ ಒಂದು ಬಣ್ಣದ ಚಕ್ರ ಮೂಡುತ್ತಿತ್ತು. ಯಾರು ಎಷ್ಟು ಮಾತಾಡಿದರೋ ಅವರಿಗೆ ಅಷ್ಟು ದೊಡ್ಡ ಹೋಳು. ಮಲ್ಲಿಯ ಗುಂಪಿನ ಚಕ್ರದಲ್ಲಿ ಹೋಳು ಎಲ್ಲಿ ಬಂತು? ಇಡೀ ಕುಂಬಳಕಾಯಿ ಅವಳದೇ, ಮಿಕ್ಕವರಿಗೆ ಉಳಿದದ್ದು ಬರೀ ತೊಟ್ಟು.

ಅವಳ ಗುಂಪಿನಲ್ಲಿ ಮೂವರು. ಒಬ್ಬ ಲಾರಿ ಡ್ರೈವರು. ಸೊಂಟ ಬಿದ್ದುಹೋಗಿ, ಸ್ಟಿಯರಿಂಗು ಬಿಟ್ಟು ಬೇರೆ ಕಸುಬು ಹುಡುಕುತ್ತಿದ್ದವನು. ಇನ್ನೊಬ್ಬಳು ಬ್ಯೂಟಿ ಪಾರ್ಲರಿನವಳು. ಮುಖಕ್ಕೆ ಲೇಪ ಹಚ್ಚಿಸಿಕೊಂಡ ಗಿರಾಕಿಯನ್ನು ಹಿಂದೆ ಮಲಗಿಸಿಟ್ಟೇ ತರಗತಿಗೆ ಬರುತ್ತಿದ್ದಳು. ಮೂರನೆಯವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮಡಿಸಿಟ್ಟ ಬಟ್ಟೆಗಳ ಅಟ್ಟಿಯ ನಡುವೆ ಅವಳ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಅವಳ ದನಿ ಹೇಗಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಏನು ಕೇಳಿದರೂ ಪರದೆಯ ಮೇಲೆ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದಳು. ಹೌದಾ ಅಂದರೂ ಹೆಬ್ಬೆರಳು, ಅಲ್ಲವಾ ಅಂದರೂ ಹೆಬ್ಬೆರಳು. ಮಲ್ಲಿ ಅವಳಿಗೆ ಹೆಬ್ಬೆರಳಮ್ಮ ಅಂತಲೇ ಹೆಸರಿಟ್ಟಳು.

ಮಲ್ಲಿಗೆ ಈ ಕೆಲಸ ಬಿಡುವ ಮನಸ್ಸಿರಲಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ಎಲ್ಲರೂ ಹೇಳಿದ್ದು ಒಂದೇ ಮಾತು, ಸುಮ್ಮನಿರು. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದು ಅದಕ್ಕೇ, ನೋಡಲು ಬಂದ ಮೊದಲ ಗಂಡು ಎದ್ದು ಹೋದದ್ದೂ ಅದಕ್ಕೇ. ಈಗ ಮಲಗುವ ಕೋಣೆಯ ಕಿಟಕಿ ಪಕ್ಕ ಅವಳದೇ ಮೇಜು, ಅವಳದೇ ಕುರ್ಚಿ. ಸಂಜೆಯಾದರೆ ಮೂರು ಜನ ಪರದೆ ತೆರೆದುಕೊಂಡು ಕಾಯುತ್ತಿದ್ದರು, ಇಬ್ಬರು "ಅಕ್ಕ ಬಂದ್ರಾ?" ಅಂತ ಕೇಳುತ್ತಿದ್ದರು, ಹೆಬ್ಬೆರಳಮ್ಮ ಹೆಬ್ಬೆರಳು ಒತ್ತುತ್ತಿದ್ದಳು. ಹಾಗೆ ಅವಳಿಗಾಗಿ ಕಾದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಆದರೆ ಕೆಲಸ ಇನ್ನೂ ಪರೀಕ್ಷೆಯ ಮೇಲಿತ್ತು. ಕೊನೆಯ ಚರ್ಚೆಗೆ ಮೇಡಂ ತಾವೇ ಬಂದು ಕೂರುತ್ತಾರೆ, ಚಕ್ರದಲ್ಲಿ ಮಲ್ಲಿಯ ಹೋಳು ಎಲ್ಲರಿಗಿಂತ ಸಣ್ಣದಿದ್ದರೆ ಕೆಲಸ ಖಾಯಂ, ಇಲ್ಲದಿದ್ದರೆ ಮತ್ತೆ ಅಳತೆ ಟೇಪು.

ಮಲ್ಲಿ ಪ್ರಯತ್ನ ಮಾಡಲಿಲ್ಲ ಅಂತೀರಾ? ಮಾಡಿದಳು ಪಾಪ. ಬಾಯಿ ತುಂಬ ನೀರು ತುಂಬಿಕೊಂಡು ಕುಳಿತಳು. ಡ್ರೈವರು ಏನೋ ತಮಾಷೆ ಹೇಳಿದ, ನೀರೆಲ್ಲ ಕೀಬೋರ್ಡಿನ ಪಾಲಾಯಿತು. ಗಂಡ ತನ್ನ ಕಸುಬಿನ ಗುಟ್ಟು ಹೇಳಿಕೊಟ್ಟ: "ನನ್ನ ಹಾಗೆ ಗುಂಡುಪಿನ್ನು ಕಚ್ಕೊಂಡು ಕೂತ್ಕೋ. ಬಾಯಿ ಬಿಟ್ರೆ ಚುಚ್ಚುತ್ತೆ ಅನ್ನೋ ಭಯ ಇರುತ್ತೆ." ಮಲ್ಲಿ ಪಿನ್ನು ಕಚ್ಚಿಕೊಂಡೇ ಮಾತಾಡುವುದನ್ನು ಕಲಿತಳು. ಗಂಡ ಹಣೆ ಚಚ್ಚಿಕೊಂಡು ಹೊಲಿಗೆ ಯಂತ್ರಕ್ಕೆ ಮರಳಿದ.

ಕೊನೆಗೆ ಕೈಹಿಡಿದದ್ದು ಅತ್ತೆ. ಮೈಕಿನ ವೈರಿನ ನಡುವೆ ಉಗುರಿನಷ್ಟು ಒಂದು ಸ್ವಿಚ್ಚಿತ್ತು. ಅದನ್ನು ತಳ್ಳಿದರೆ ದನಿ ಆ ಕಡೆ ಹೋಗುವುದಿಲ್ಲ, ಪರದೆಯ ಮೇಲೆ ಅದರ ಗುರುತೂ ಕಾಣುವುದಿಲ್ಲ. "ಅತ್ತೆ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ನಾನು ಅತಿ ಮಾಡಿದಾಗ ಇದನ್ನ ಆಫ್ ಮಾಡಿ ನನ್ನ ತಿವೀರಿ. ನಾನು ಬಾಯಿ ಮುಚ್ಚಿದ್ಮೇಲೆ ಆನ್ ಮಾಡಿ," ಅಂತ ಸೊಸೆಯೇ ಕೇಳಿಕೊಂಡಳು. ಅತ್ತೆ ಇಷ್ಟು ವರ್ಷ ಯಾವ ವರ ಬೇಡಿದ್ದರೋ ಅದು ಕೈಗೇ ಬಂದುಬಿಟ್ಟಿತು. ಅಂದಿನಿಂದ ಬಟಾಣಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು, ಬಲಗೈಲಿ ಸುಲಿಯುತ್ತಾ, ಎಡಗೈಲಿ ಸೊಸೆಯ ಬಾಯಿ ಕಾಯುತ್ತಾ ಕೂರತೊಡಗಿದರು. ತಿವಿಯುವುದರಲ್ಲಿ ಸ್ವಲ್ಪ ಜೋರೇ ಇತ್ತು, ಆದರೆ ಮಲ್ಲಿಯ ಹೋಳು ವಾರ ವಾರಕ್ಕೆ ಸಣ್ಣದಾಗುತ್ತಾ ಬಂತು.

ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತೆ! ಕೊನೆಯ ಚರ್ಚೆಯ ಹಿಂದಿನ ತರಗತಿಯಲ್ಲಿ ಅತ್ತೆ ಸ್ನಾನಕ್ಕೆ ಹೋಗಿದ್ದರು. ಆ ಸಂದಿಯಲ್ಲಿ ಮಲ್ಲಿ ಗುಂಪಿಗೆ ತನ್ನ ಕಥೆಯನ್ನೆಲ್ಲ ಬಿಚ್ಚಿಟ್ಟಳು. ಚಕ್ರ, ಹೋಳು, ಮೇಡಂ, ನೀರು, ಪಿನ್ನು, ಕಿಟಕಿ ಪಕ್ಕದ ಮೇಜು, ಎಲ್ಲ. "ನನ್ನ ಕೆಲಸ ಉಳಿಯೋದು ನಾನು ಬಾಯಿ ಮುಚ್ಚಿದ್ರೆ. ನಾನು ಬಾಯಿ ಮುಚ್ತೀನಿ ಅನ್ನೋ ನಂಬಿಕೆ ನನಗೇ ಇಲ್ಲ ನೋಡಿ," ಅಂತ ನಕ್ಕಳು, ನಕ್ಕು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಡ್ರೈವರು, "ಛೇ, ಹಂಗೆಲ್ಲ ಅನ್ಬೇಡಿ ಅಕ್ಕ," ಅಂದ. ಹೆಬ್ಬೆರಳಮ್ಮ ಹೆಬ್ಬೆರಳು ಒತ್ತಿದಳು.

ಕೊನೆಯ ದಿನ ಬಂತು. ಪರದೆಯ ಮೂಲೆಯಲ್ಲಿ ಮೇಡಂ ಒಂದು ಕರಿ ಚೌಕವಾಗಿ ಕುಳಿತಿದ್ದರು. ಕ್ಯಾಮೆರಾ ಆಫ್, ಆದರೆ ಅವರು ನೋಡುತ್ತಿದ್ದಾರೆ ಅನ್ನುವುದು ಎಲ್ಲರ ಬೆನ್ನಿಗೂ ಗೊತ್ತಾಗುತ್ತಿತ್ತು. ಡ್ರೈವರು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ. ಪಾರ್ಲರಿನವಳ ಹಿಂದೆ ಆವತ್ತು ಗಿರಾಕಿ ಇರಲಿಲ್ಲ. ಪ್ರಶ್ನೆ ಮೂಡಿತು. ಮಲ್ಲಿ ಅದನ್ನು ಗಟ್ಟಿಯಾಗಿ ಓದಿದಳು: "ನೀವು ನೋಡಿಕೊಳ್ಳುತ್ತಿರುವ ಅಜ್ಜಿ ಮಾತ್ರೆ ನುಂಗಿದೆ ಅನ್ನುತ್ತಾರೆ. ಹಾಸಿಗೆ ಕೊಡವಿದರೆ ದಿಂಬಿನಡಿ ಮಾತ್ರೆ ಸಿಗುತ್ತದೆ. ಏನು ಮಾಡುತ್ತೀರಿ? ಮೂವರೂ ಸೇರಿ ಒಂದು ತೀರ್ಮಾನಕ್ಕೆ ಬನ್ನಿ."

ಅತ್ತೆಯ ಕೈ ಬಟಾಣಿಯ ಮೇಲೆ ನಿಂತಿತು. ಏಕೆಂದರೆ ಅವರ ದಿಂಬಿನಡಿಯೂ ಎರಡು ಮಾತ್ರೆ ಇದ್ದವು.

ಡ್ರೈವರು ಕೆಮ್ಮಿದ. ಪಾರ್ಲರಿನವಳು ಉಗುರು ನೋಡಿಕೊಂಡಳು. ಕರಿ ಚೌಕ ಹಾಗೇ ಇತ್ತು. ಮಲ್ಲಿ ತಡೆದಳು, ಮತ್ತೂ ತಡೆದಳು, ಎರಡು ಕೈಯಲ್ಲೂ ಕುರ್ಚಿ ಹಿಡಿದುಕೊಂಡಳು. ಯಾರೂ ಮಾತಾಡದೆ ಗುಂಪೇ ಫೇಲಾದರೆ? ಒಂದೇ ಒಂದು ಮಾತು, ಸ್ವಲ್ಪ ದಾರಿ ತೋರಿಸಿಬಿಟ್ಟರೆ ಸಾಕು ಅನ್ನಿಸಿತು. "ನೋಡೀ," ಅಂತ ಬಾಯಿ ತೆರೆದಳು.

ಅತ್ತೆ ಟಕ್ಕನೆ ಸ್ವಿಚ್ಚು ತಳ್ಳಿದರು. ಆದರೆ ಪ್ರಶ್ನೆಯ ಗುಂಗಿನಲ್ಲಿ ಸೊಸೆಯನ್ನು ತಿವಿಯುವುದನ್ನು ಮರೆತುಬಿಟ್ಟರು.

ಇನ್ನೇನು ಕೇಳುತ್ತೀರಿ! ದನಿ ಕೋಣೆಯ ಗೋಡೆ ದಾಟುತ್ತಿಲ್ಲ ಅನ್ನುವುದು ಮಲ್ಲಿಗೆ ಗೊತ್ತಿಲ್ಲ. ಕಟ್ಟೆ ಒಡೆದೇಬಿಟ್ಟಿತು. ಮಾವನನ್ನು ನೋಡಿಕೊಂಡ ಕಥೆ ಬಂತು, ಪಕ್ಕದ ಮನೆಯ ಮುದುಕಿಯ ಕಥೆ ಬಂತು, ಆಮೇಲೆ ಉತ್ತರವೇ ಬಂತು: "ಸುಲಭ ಕಣ್ರೀ. ಮಾತ್ರೆ ಪುಡಿ ಮಾಡಿ ಬಾಳೆಹಣ್ಣಲ್ಲಿ ಹುದುಗಿಸಿ ಕೊಟ್ಬಿಡಿ. ಒಂದೊಂದು ದಿನ ನಾನು ನಮ್ಮತ್ತೆಗೆ ಹಾಗೇ ಕೊಡೋದು."

"ಏನಂದೆ?" ಅಂದರು ಅತ್ತೆ. "ಓಹೋ! ಮೊನ್ನೆ ಹಣ್ಣು ಕಹಿ ಇದ್ದದ್ದು ಅದಕ್ಕಾ? ಆ ಜಾತಿ ಹಣ್ಣೇ ಹಾಗೆ ಅಂದ್ಯಲ್ಲೇ!"

"ಅತ್ತೆ, ಸುಮ್ನಿರಿ, ಮೇಡಂಗೆ ಕೇಳ್ಸುತ್ತೆ!"

ಪರದೆಯಲ್ಲಿ ಡ್ರೈವರು ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿದ. "ಅಕ್ಕ, ನಿಮ್ದು..." ಅಂತ ಶುರು ಮಾಡಿದ್ದಷ್ಟೆ, ಒಂದು ಹೊಸ ದನಿ ಅವನ ಮಾತನ್ನು ಕತ್ತರಿಸಿತು. ತೆಳ್ಳಗಿನ, ಬಳಸದೆ ತುಕ್ಕು ಹಿಡಿದ ದನಿ.

"ನಾನು ಹೇಳ್ತೀನಿ! ನಾನು ಮೊದಲು ಹೇಳ್ತೀನಿ!"

ಹೆಬ್ಬೆರಳಮ್ಮ. ಬಟ್ಟೆಯ ಅಟ್ಟಿ ಪಕ್ಕಕ್ಕೆ ತಳ್ಳಿದ್ದಳು, ಪೂರ್ತಿ ಮುಖ ಕಾಣುತ್ತಿತ್ತು, ಮುಖ ಕೆಂಪಾಗಿತ್ತು. ಡ್ರೈವರಿಗೆ ಒಂದು ನೋಟ ಬಿಟ್ಟಳು ನೋಡಿ, ಅವನು ತೆರೆದ ಬಾಯಿ ಹಾಗೇ ಮುಚ್ಚಿದ. "ಆ ಅಜ್ಜಿನ ಬೈಬಾರ್ದು," ಅಂದಳು. "ಡ್ರೈವರಣ್ಣ, ನೀವೇನಂತೀರಿ? ಏನಾದ್ರೂ ಅನ್ನಿ. ಬೇಗ ಅನ್ನಿ!"

ಡ್ರೈವರು ತಡಬಡಾಯಿಸಿ, "ಬೈಬೇಕು. ಕಣ್ಮುಂದೇನೇ ನುಂಗಿಸ್ಬೇಕು, ನಾಲಿಗೆ ಎತ್ತಿಸಿ ನೋಡ್ಬೇಕು," ಅಂದ.

"ಅಜ್ಜಿ ಏನು ಕಳ್ಳಿನಾ, ಚೆಕ್‌ಪೋಸ್ಟಲ್ಲಿ ಲಾರಿ ತಪಾಸಣೆ ಮಾಡ್ದಂಗೆ ಮಾಡೋಕೆ?" ಅಂದಳು ಪಾರ್ಲರಿನವಳು. ಅಲ್ಲಿಂದ ಹತ್ತಿಕೊಂಡಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಮಲ್ಲಿ ನಡುವೆ ಕೂಗುತ್ತಲೇ ಇದ್ದಳು: "ಬಾಳೆಹಣ್ಣು! ನಾನು ಹೇಳಿದ್ದು ಕೇಳಿಸ್ಕೊಳ್ಳಿ! ಅಲ್ಲ, ಡ್ರೈವರಣ್ಣ, ಹಾಗಲ್ಲ!" ಒಬ್ಬರಾದರೂ ತಿರುಗಿ ನೋಡಿದರೆ ಕೇಳಿ. ಇವಳು ಮಾತಾಡುತ್ತಿರುವಾಗಲೇ ಇವಳ ಮಾತಿನ ಮೇಲೆ ಹತ್ತಿ ನಡೆಯುತ್ತಿದ್ದರು. ಮಲ್ಲಿಗೆ ಮೊದಲು ಸಿಟ್ಟು ಬಂತು, ಆಮೇಲೆ ಬೇಜಾರಾಯಿತು. ಇಷ್ಟು ದಿನ ಅಕ್ಕ ಅಕ್ಕ ಅಂದವರು, ಬೇಕಾದ ದಿನ ಅಕ್ಕನ ಮಾತಿಗೆ ಕಿಲುಬು ಕಾಸಿನ ಬೆಲೆ ಇಲ್ಲವೇ? ಇವರಿಗೂ ತಾನು ಬರೀ ಗದ್ದಲವೇ? ಅವಳು ಅಳುವುದೊಂದು ಬಾಕಿ.

ಹೆಬ್ಬೆರಳಮ್ಮ ಹೇಳುತ್ತಿದ್ದಳು: "ಅಜ್ಜಿ ಯಾಕೆ ಬಚ್ಚಿಡ್ತಾರೆ ಅಂತ ಮೊದಲು ಅವ್ರನ್ನೇ ಕೇಳೋಣ. ಕೆಲವು ಮಾತ್ರೆ ನುಂಗಿದ್ರೆ ಪದೇ ಪದೇ ಬಚ್ಚಲಿಗೆ ಹೋಗ್ಬೇಕಾಗುತ್ತೆ. ಕತ್ತಲಲ್ಲಿ ಎದ್ದು ಬೀಳೋ ಭಯ ಇರ್ಬೋದು. ಹೇಳ್ಕೊಳ್ಳೋಕೆ ನಾಚಿಕೆ ಇರ್ಬೋದು."

"ಹೌದು ಮತ್ತೆ!" ಅಂತ ಅತ್ತೆ ಬಟಾಣಿ ಬುಟ್ಟಿಗೆ ಗುದ್ದಿದರು. "ಯಾರು ಕೇಳ್ತಾರೆ ಹೇಳು! ಎಲ್ಲರಿಗೂ ಮಾತ್ರೆ ಒಳಗೆ ಹೋದ್ರೆ ಸಾಕು!" ಡ್ರೈವರು ಮಾತ್ರ ಬಗ್ಗಲಿಲ್ಲ. ಕೇಳುವುದು ಸರಿ, ಕೇಳಿ ಸುಮ್ಮನಾದರೆ ರೋಗ ವಾಸಿಯಾಗುತ್ತಾ ಅಂದ. ಪಾರ್ಲರಿನವಳು ಇಬ್ಬರಿಗೂ ಸಂಧಾನ ಮಾಡಿದಳು. ಮೊದಲು ಕೇಳುವುದು, ಆಮೇಲೆ ಡಾಕ್ಟರಿಗೆ ತಿಳಿಸಿ ಮಾತ್ರೆಯ ಹೊತ್ತು ಬದಲಾಯಿಸಬಹುದಾ ನೋಡುವುದು, ಅಜ್ಜಿಗೆ ಗೊತ್ತಿಲ್ಲದೆ ಯಾವುದರಲ್ಲೂ ಬೆರೆಸಿ ಕೊಡದಿರುವುದು. ಮೂವರೂ ಒಪ್ಪಿದರು.

ಚಕ್ರ ಮೂಡಿತು. ಮೂರು ಬಣ್ಣ, ಮೂರು ಹೋಳು. ಹೆಬ್ಬೆರಳಮ್ಮನದು ಎಲ್ಲಕ್ಕಿಂತ ದೊಡ್ಡದು. ಮಲ್ಲಿ ತನ್ನ ಬಣ್ಣ ಹುಡುಕಿದಳು. ಪ್ರಶ್ನೆ ಓದಿದ್ದಕ್ಕೆ ದಾರದಷ್ಟು ಒಂದು ಗೆರೆ ಇತ್ತು, ಅಷ್ಟೇ.

ಕರಿ ಚೌಕ ಬೆಳಗಿ ಮೇಡಂ ಮುಖ ಕಾಣಿಸಿತು. ಆ ಮುಖದಲ್ಲಿ ನಗು ಇತ್ತು. "ಅದ್ಭುತ! ಪ್ರಶ್ನೆ ಓದಿ ಸುಮ್ಮನಾಗಿಬಿಟ್ರಿ. ದನಿ ಇಲ್ಲ, ಬರೀ ತುಟಿ, ಕೈ, ಕಣ್ಣಲ್ಲೇ ಅವ್ರನ್ನ ಹುರಿದುಂಬಿಸಿದ್ರಲ್ಲ, ಇಂಥ ವಿಧಾನ ನಾನು ಎಲ್ಲೂ ನೋಡಿಲ್ಲ. ಮಿಕ್ಕ ಸಹಾಯಕಿಯರಿಗೂ ನೀವು ಇದನ್ನ ಕಲಿಸ್ಕೊಡ್ಬೇಕು."

ಮಲ್ಲಿ ಕಕ್ಕಾಬಿಕ್ಕಿಯಾಗಿ ವೈರಿನ ಕಡೆ ನೋಡಿದಳು. ಅತ್ತೆ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ನೋಡುತ್ತಾ, ಕೈಯನ್ನು ಮಾತ್ರ ಮೆಲ್ಲಗೆ ಚಾಚಿ ಸ್ವಿಚ್ಚನ್ನು ಆನ್ ಮಾಡಿದರು. "ಹೂಂ ಅನ್ನು," ಅಂತ ಪಿಸುಗುಟ್ಟಿದರು. "ಹೂಂ ಅಂದ್ಬಿಡೇ, ಕೆಲಸ ಖಾಯಂ."

ಹೂಂ ಅಂದಿದ್ದರೆ ಆಗುತ್ತಿತ್ತು. ಒಂದೇ ಅಕ್ಷರ. ಆದರೆ ಮಲ್ಲಿಯ ಬಾಯಲ್ಲಿ ಗುಟ್ಟು ನಿಲ್ಲುತ್ತದೆಯೇ?

"ವಿಧಾನನೂ ಇಲ್ಲ, ಮಣ್ಣೂ ಇಲ್ಲ ಮೇಡಂ. ನಾನು ಅಷ್ಟು ಹೊತ್ತೂ ಬಡ್ಕೊಂಡೆ. ಉತ್ತರನೂ ಹೇಳ್ಬಿಟ್ಟೆ, ಅದೂ ತಪ್ಪು ಉತ್ತರ. ನಮ್ಮತ್ತೆ ಸ್ವಿಚ್ ಆಫ್ ಮಾಡಿದ್ರು, ನಂಗೆ ಗೊತ್ತೇ ಇರ್ಲಿಲ್ಲ. ನನ್ನ ಮಾತು ಯಾರೂ ಕೇಳ್ತಿಲ್ಲ ಅಂತ ಬೇಜಾರೂ ಮಾಡ್ಕೊಂಡೆ. ಇವ್ರು ಮಾತಾಡಿದ್ರಲ್ಲಿ ನನ್ನದು ಏನೂ ಇಲ್ಲ. ಕೆಲಸ ಬೇಡ ಅಂದ್ರೆ ಬೇಡ, ಸುಳ್ಳು ನಂಗೆ ಬರಲ್ಲ."

ಅತ್ತೆ ತಲೆಯ ಮೇಲೆ ಕೈ ಹೊತ್ತು ಕುಳಿತರು. ಮೇಡಂ ಮುಖದಿಂದ ನಗು ಹೋಯಿತು.

"ನಮಗೆ ಗೊತ್ತಿತ್ತು ಅಕ್ಕ," ಅಂದಳು ಹೆಬ್ಬೆರಳಮ್ಮ.

"ಏನು ಗೊತ್ತಿತ್ತು?"

"ನಿಮ್ಮ ಬಾಯಿ ಆಡ್ತಿತ್ತು, ದನಿ ಬರ್ತಿರ್ಲಿಲ್ಲ. ಡ್ರೈವರಣ್ಣ ಕೇಳಿಸ್ತಿಲ್ಲ ಅಂತ ಹೇಳೋಕೆ ಹೊರಟಿದ್ರು. ಹೇಳಿದ್ರೆ ನೀವು ಸರಿ ಮಾಡ್ಕೊಂಡು ಮಾತಾಡ್ತೀರಿ. ಮಾತಾಡಿದ್ರೆ ನಿಮ್ಮ ಕೆಲಸ ಹೋಗುತ್ತೆ. ನಂಗೆ ನಾಲ್ಕು ಜನದ ಮುಂದೆ ಬಾಯಿ ಬಿಡೋಕೆ ಕೈಕಾಲು ನಡುಗುತ್ತೆ ಅಕ್ಕ. ಬೇರೆ ದಾರಿ ಇರ್ಲಿಲ್ಲ, ಅದಕ್ಕೇ ಮಾತಾಡಿದೆ."

"ನಂಗೂ ಆಮೇಲೆ ಹೊಳೀತು," ಅಂದ ಡ್ರೈವರು. "ಅಜ್ಜಿನ ಬೈಬೇಕು ಅಂತ ನಂಗೇನೂ ಇರ್ಲಿಲ್ಲ. ಮಾತು ನಿಲ್ಬಾರ್ದಲ್ಲ, ಅದಕ್ಕೆ ಜಗಳ ತೆಗೆದೆ."

ಪಾರ್ಲರಿನವಳು, "ನಾನಂತೂ ನಿಜವಾಗ್ಲೂ ಜಗಳ ಆಡಿದೆ," ಅಂದಳು.

ಮೇಡಂ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಇವ್ರನ್ನ ಮಾತಾಡ್ಸೋಕೆ ನಾನು ಏನೆಲ್ಲ ಮಾಡಿದ್ದೆ," ಅಂದರು. ಆಮೇಲೆ ಎಂದಿನ ಗಂಭೀರ ದನಿಯಲ್ಲಿ, "ಸೋಮವಾರದಿಂದ ಹೊಸ ಗುಂಪು ಶುರುವಾಗುತ್ತೆ. ನೀವು ಬರ್ತಿದ್ದೀರಿ. ನಿಮ್ಮ ಅತ್ತೆಯವ್ರಿಗೂ ಸಂಜೆ ಹೊತ್ತು ಬಿಡುವಿರುತ್ತಾ ಕೇಳಿ," ಅಂದರು.

ಮೂವರೂ ಹೋ ಅಂತ ನಕ್ಕರು. "ಅಕ್ಕ, ಮಾತಾಡಿ ಈಗ, ಮೈಕು ಆನ್ ಇದೆ," ಅಂದರು. ಮಲ್ಲಿ ಬಾಯಿ ತೆರೆದಳು. ಏನೂ ಬರಲಿಲ್ಲ. ಹೆಬ್ಬೆರಳಮ್ಮನ ಮುಖವನ್ನೇ ನೋಡುತ್ತಾ ಕುಳಿತಳು, ಕಣ್ಣಿಂದ ನೀರು ಧಾರಾಕಾರ. ಅತ್ತೆ ಸ್ವಿಚ್ಚನ್ನು ಎರಡು ಸಲ ಪರೀಕ್ಷಿಸಿ ನೋಡಿದರು.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ಈ ಮನೆಯಲ್ಲಿ ಇಷ್ಟು ಹೊತ್ತು ಮಾತಿನ ಸದ್ದಿಲ್ಲದೆ ಇದ್ದದ್ದು ಗಂಡ ಕಂಡಿರಲಿಲ್ಲ. ಅವನು ಪಿನ್ನು ಉಗುಳಿ, ಅರ್ಧ ಹೊಲಿದ ತೋಳು ಕೈಯಲ್ಲಿ ಹಿಡಿದೇ ಒಳಗೆ ಓಡಿಬಂದ. ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ.

"ಏನಾಯ್ತೇ? ಯಾಕೆ ಸುಮ್ನಿದ್ದೀಯ?" ಅಂದ. "ಏನಾದ್ರೂ ಮಾತಾಡೇ. ನಂಗೆ ಭಯ ಆಗ್ತಿದೆ."